ಅಕ್ಟೋಬರ್‌ನಲ್ಲಿ ಅನ್ನಪೂರ್ಣ ಸರ್ಕ್ಯೂಟ್: ಚಳಿ, ಹಿಮಕ್ಕೆ ಹೇಗೆ ತಯಾರಾಗಬೇಕು?

ಕುಮಾರಪರ್ವತ, ಕುದುರೆಮುಖ ಹತ್ತಿದ್ದೀರಿ, ಈಗ ಅಕ್ಟೋಬರ್ ಎರಡನೇ ವಾರ ನೇಪಾಳದ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಈ ಚಾರಣಕ್ಕೆ ಹೊರಟಿದ್ದೀರಿ, ಯಾವ ಜಾಕೆಟ್ ಕೊಳ್ಳಲಿ ಅಂತ ಕೇಳಿದ್ದೀರಿ. ಜಾಕೆಟ್ ವಿಷಯಕ್ಕೆ ಬರುತ್ತೇನೆ. ಮೊದಲು ವಾಪಸ್ ಟಿಕೆಟ್ ನೋಡಿ: ಎರಡು ದಿನವಾದರೂ ಕೈಯಲ್ಲಿ ಉಳಿಯುತ್ತವೆಯೇ? ಇಲ್ಲವಾದರೆ ಟಿಕೆಟ್ ಬದಲಿಸಿ. ನನ್ನ ಮಟ್ಟಿಗೆ ಅದೇ ಅತಿ ಮುಖ್ಯ ಸಾಮಾನು.

ಮಳೆಗಾಲ ಮುಗಿದು ಆಕಾಶ ಶುಭ್ರವಾಗುವ ತಿಂಗಳು ಅದು, ನಿಜ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು; 14ಕ್ಕೆ ಅದರ ತೇವಾಂಶ ಈ ಚಾರಣದಲ್ಲಿ ಬೆಟ್ಟ ದಾಟುವ ಕಣಿವೆದಾರಿ (ಪಾಸ್), 5,416 ಮೀಟರ್ ಎತ್ತರದ ಥೊರೊಂಗ್ ಲಾ ಸುತ್ತ ಹಿಮವಾಗಿ ಸುರಿದು, ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಹಾಗಾಗಿ ಪಾಸ್‌ಗೆ ಮುಂಚಿನ ಊರಾದ ಮನಾಂಗ್ ಬಿಡುವ ಮೊದಲು ಭಾರತೀಯ ಹವಾಮಾನ ಇಲಾಖೆಯ ಚಂಡಮಾರುತ ಪ್ರಕಟಣೆ ನೋಡಲೇಬೇಕು. ಆಂಧ್ರ, ಒಡಿಶಾ ಕಡೆ ವಾಯುಭಾರ ಕುಸಿತ ಬರುತ್ತಿದ್ದರೆ, ಮನಾಂಗ್‌ನಲ್ಲಿ ಬಿಸಿಲಿದ್ದರೂ ಮೇಲೆ ಹತ್ತಬೇಡಿ. ಹಿಮ ಬಿದ್ದರೆ ನಿಂತ ಮೇಲೂ ಒಂದೆರಡು ದಿನ ಕಾಯಿರಿ. ಹೊಸ ಹಿಮ ಇಳಿಜಾರಿನಿಂದ ಜಾರುವುದು ಆಗಲೇ. ದಾರಿ ತೆರೆಯದಿದ್ದರೆ ಮನಾಂಗ್‌ನಿಂದ ಕೆಳಗಿನ ಬೇಸಿಸಹರ್ ಊರಿಗೆ ಜೀಪ್ ರಸ್ತೆಯಿದೆ, ವಾಪಸ್ ಬನ್ನಿ.

ಮುನ್ಸೂಚನೆ ನೋಡುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊಬೈಲ್ ತೋರಿಸುವುದು ಮನಾಂಗ್ ಊರಿನ ಉಷ್ಣಾಂಶ, ಅಂದರೆ ಸುಮಾರು 3,500 ಮೀಟರ್‌ನದು. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಕಳೆಯಿರಿ. ಪಾಸ್ ಮೇಲೆ 12 ಡಿಗ್ರಿ ಕಡಿಮೆ. ಗಾಳಿ ಸೇರಿದರೆ ಲೆಕ್ಕವೇ ಬೇರೆ: ಮೈನಸ್ 10ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 21ರಂತೆ. ಇನ್ನು, '10 ಮಿ.ಮೀ. ಮಳೆ' ಅಂತ ಕಂಡರೆ ಮೇಲೆ ಸುಮಾರು 10 ಸೆಂ.ಮೀ. ಹಿಮ ಅಂತ ಓದಿಕೊಳ್ಳಿ.

ಈಗ ಬಟ್ಟೆ. ಹತ್ತಿ ಬನಿಯನ್ ಮನೆಯಲ್ಲೇ ಬಿಡಿ. ಬೆವರು ಕುಡಿದ ಹತ್ತಿ ಒಣಗುವುದಿಲ್ಲ, ನಿಂತ ಐದು ನಿಮಿಷಕ್ಕೆ ನಡುಕ ಶುರು. ಮೈಗೆ ಅಂಟಿದಂತೆ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆ, ಮೇಲೆ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಡೌನ್ (ಹಕ್ಕಿ ಪುಕ್ಕ ತುಂಬಿದ) ಜಾಕೆಟ್ ನಿಂತಾಗ, ಕೂತಾಗ ಹಾಕಿಕೊಳ್ಳಲು. ಅದನ್ನೇ ತೊಟ್ಟು ಏರು ಹತ್ತಿದರೆ ಬೆವರಿಗೆ ಪುಕ್ಕ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಕೈಗೆ ತೆಳು ಗ್ಲೌಸ್, ಅದರ ಮೇಲೆ ನೀರು ತಡೆಯುವ ಮಿಟನ್ (ಬೆರಳುಗಳೆಲ್ಲ ಒಂದೇ ಚೀಲದಲ್ಲಿರುವ ಕೈಗವಸು). ಒಂದು ಜೊತೆ ಒಣ ಕಾಲುಚೀಲ ಮಲಗುವುದಕ್ಕೇ ಮೀಸಲು.

ಸ್ಲೀಪಿಂಗ್ ಬ್ಯಾಗ್ ಮೇಲೆ 'ಕಂಫರ್ಟ್', 'ಲಿಮಿಟ್', 'ಎಕ್ಸ್‌ಟ್ರೀಮ್' ಅಂತ ಮೂರು ಅಂಕಿ ಇರುತ್ತವೆ. ಅಂಗಡಿಯವರು ಆಕರ್ಷಕವಾದ ಮೂರನೆಯದನ್ನು ಹೇಳುತ್ತಾರೆ. ಅದು ನಿದ್ದೆಯ ಅಂಕಿಯಲ್ಲ, ಹೇಗೋ ಜೀವ ಉಳಿಯಬಹುದಾದ ಅಂಕಿ. ಕಂಫರ್ಟ್ ಮೈನಸ್ 5ರಿಂದ ಮೈನಸ್ 10 ಇರುವುದನ್ನು ತೆಗೆದುಕೊಳ್ಳಿ. ಲಾಡ್ಜ್ ಕಂಬಳಿ ಸಿಕ್ಕರೆ ಲಾಭ, ಸೀಸನ್‌ನಲ್ಲಿ ನಂಬಬೇಡಿ.

ಬ್ಯಾಗಿನ ರೇನ್ ಕವರ್ ಗಾಳಿಗೆ ಹಾರುತ್ತದೆ, ಬೆನ್ನಿನ ಕಡೆಯಿಂದ ನೀರೂ ಇಳಿಯುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಎಲ್ಲವನ್ನೂ ಅದರಲ್ಲಿ ತುಂಬಿ, ಬಾಯಿ ತಿರುಚಿ ಮಡಚಿ. ಬ್ಯಾಗಿನ ನೀರಿನ ಚೀಲದಿಂದ ಹೀರುವ ಹೈಡ್ರೇಶನ್ ಕೊಳವೆ ಪಾಸ್ ದಾಟುವ ದಿನ ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಬಾಟಲಿ ತಲೆಕೆಳಗಾಗಿಡಿ, ನೀರು ಮೇಲಿನಿಂದ ಗಟ್ಟಿಯಾಗುವುದರಿಂದ ಬಾಯಿ ತೆರೆದೇ ಇರುತ್ತದೆ. ನೀರಿನ ಫಿಲ್ಟರ್ ಒದ್ದೆಯಿರುವಾಗ ಒಮ್ಮೆ ಹೆಪ್ಪುಗಟ್ಟಿದರೂ ಒಳಗಿನ ಸೂಕ್ಷ್ಮ ನಾಳಗಳು ಸೀಳಬಹುದು, ಹೊರಗೆ ಏನೂ ಗೊತ್ತಾಗುವುದಿಲ್ಲ. ಫಿಲ್ಟರ್, ಫೋನ್, ಪವರ್‌ಬ್ಯಾಂಕ್ ಮೂರೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಇರಲಿ.

ಎತ್ತರಕ್ಕೆ ಹೊಂದಿಕೊಳ್ಳಲು ಮನಾಂಗ್‌ನಲ್ಲಿ ಎರಡು ರಾತ್ರಿ ಕಡ್ಡಾಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ. ಜೊತೆಯವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಚಳಿಯೋ ಎತ್ತರವೋ ಅಂತ ಚರ್ಚಿಸುತ್ತಾ ನಿಲ್ಲಬೇಡಿ. ಬೆಚ್ಚಗೆ ಹೊದಿಸಿ, ಕೆಳಗೆ ಇಳಿಸಿ.

ಪಾಸ್ ದಿನ ಅದರ ಬುಡದ ತಂಗುದಾಣ ಥೊರೊಂಗ್ ಫೇದಿಯಿಂದ ಬೆಳಗಿನ ಜಾವ ನಾಲ್ಕು-ಐದಕ್ಕೆ ಹೊರಡಿ, ಹತ್ತರೊಳಗೆ ದಾಟಿ. ಆಮೇಲೆ ಗಾಳಿ ಜೋರು. ಮುಕ್ತಿನಾಥದ ಕಡೆ 1,600 ಮೀಟರ್ ಒಂದೇ ಸಮ ಇಳಿತ. ನೆರಳಲ್ಲಿ ಹಿಂದಿನ ದಿನದ ಹಿಮ ಗಾಜಾಗಿರುತ್ತದೆ, ಅದಕ್ಕೇ ಮೈಕ್ರೋಸ್ಪೈಕ್ (ಬೂಟಿನ ಅಡಿಗೆ ಹಾಕುವ ಮುಳ್ಳಿನ ಸರಪಳಿ) ಮತ್ತು ಎರಡು ಕೋಲು. ಸ್ಪೈಕನ್ನು ಬ್ಯಾಗಿನ ತಳದಲ್ಲಿ ತುರುಕದೆ ಮೇಲಿನ ಜೇಬಿನಲ್ಲಿಡಿ, ಜಾರುವ ಮೊದಲೇ ಹಾಕಿಕೊಳ್ಳಿ.