ಸಂದರ್ಶನಕ್ಕೆ ಯಾವ ಉಡುಪು ತೊಡಬೇಕು? ಆ ಕಚೇರಿಯಲ್ಲಿ ಎಲ್ಲರೂ ಟೀ ಶರ್ಟ್‌ನಲ್ಲೇ ಇರುತ್ತಾರಂತೆ

ಅಲ್ಲಿನವರು ದಿನವೂ ತೊಡುವುದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ತೊಡಿ. ಟೀ ಶರ್ಟ್ ಕಚೇರಿಗೆ ಇಸ್ತ್ರಿ ಮಾಡಿದ ಕಾಲರ್ ಅಂಗಿ, ಗಾಢ ಬಣ್ಣದ ಪ್ಯಾಂಟು ಅಥವಾ ಸರಳವಾದ ಚೂಡಿದಾರ ಸಾಕು. ಬ್ಯಾಂಕಿಗಾದರೆ ತುಂಬುತೋಳಿನ ಅಂಗಿ, ಶೂ ಅಥವಾ ಸೀರೆ.

ಕಾರಣವಿದೆ. ಒಬ್ಬರ ಒಂದು ಗುಣದ ಬಗ್ಗೆ ಮೂಡಿದ ಅಭಿಪ್ರಾಯ ಅವರ ಉಳಿದ ಗುಣಗಳ ಮೇಲೂ ಹರಡಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಇದನ್ನು ಬರೆದಿಟ್ಟರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳನ್ನು ಬೇರೆಬೇರೆಯಾಗಿ ಅಳೆಯಬೇಕಿತ್ತು. ಆದರೆ ಒಂದರಲ್ಲಿ ಮೇಲೆನಿಸಿದವರು ಉಳಿದವುಗಳಲ್ಲೂ ಮೇಲೆನಿಸಿಬಿಟ್ಟಿದ್ದರು. ಹಾಗೆಯೇ ಸುಕ್ಕುಗಟ್ಟಿದ ಅಂಗಿ ನಿಮ್ಮ ಒಳ್ಳೆಯ ಉತ್ತರವನ್ನೂ ಮಂಕಾಗಿಸಬಹುದು. ಇದು ನ್ಯಾಯವಲ್ಲ, ನನಗೆ ಬೇಸರವೂ ಇದೆ. ಆದರೆ ಇಸ್ತ್ರಿಪೆಟ್ಟಿಗೆ ನಿಮ್ಮ ಕೈಯಲ್ಲಿದೆ.

ಸಾಲ ಮಾಡಿ ಸೂಟು ಹೊಲಿಸಬೇಡಿ, ದಯವಿಟ್ಟು. ಏಪ್ರಿಲ್ ಬಿಸಿಲಲ್ಲಿ ಬಸ್ಸಿಳಿದು ಬರುವಷ್ಟರಲ್ಲಿ ಬೆವರಿ ತೊಪ್ಪೆಯಾಗುತ್ತೀರಿ. ಇರುವುದರಲ್ಲೇ ಅಳತೆಗೆ ಸರಿಯಾದದ್ದನ್ನು ಆರಿಸಿ, ಹಿಂದಿನ ದಿನವೇ ತೊಟ್ಟು ಕುರ್ಚಿಯ ಮೇಲೆ ಹತ್ತು ನಿಮಿಷ ಕುಳಿತು ನೋಡಿ. ಗುಂಡಿ ಎಳೆಯುತ್ತಿದೆಯೇ, ಶೂ ಕಚ್ಚುತ್ತಿದೆಯೇ ಎಂಬುದು ಆಗಲೇ ತಿಳಿಯುತ್ತದೆ.