ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಗುಣವಾಚಕಗಳನ್ನು ಕಲಿಯುವುದು ಹೇಗೆ?

ಬಿ.ಎ. ಓದುತ್ತಿದ್ದೀರಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಐನೂರು ಗುಣವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೂ ಮಾತನಾಡುವಾಗ ‘ಗುಡ್’, ‘ನೈಸ್’ ಬಿಟ್ಟು ಬೇರೇನೂ ನಾಲಿಗೆಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ಸಂದರ್ಶನ ಬೇರೆ ಹತ್ತಿರ ಬರುತ್ತಿದೆ, ನಿಜಕ್ಕೂ ಕೆಲಸಕ್ಕೆ ಬರುವ ಪದಗಳು ಯಾವುವು ಎಂಬುದು ನಿಮ್ಮ ಪ್ರಶ್ನೆ. ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿಮ್ಮಂತೆಯೇ ಕನ್ನಡ ಶಾಲೆಯಿಂದ ಬಂದ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚು. ಆ ಪಟ್ಟಿಯನ್ನು ದಯವಿಟ್ಟು ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ಸಂಖ್ಯೆಯ ಭಯ ಬಿಡಿ. 1930ರಲ್ಲಿ ಇಂಗ್ಲೆಂಡಿನ ಸಿ. ಕೆ. ಆಗ್ಡನ್ ಅವರು ಪರಭಾಷಿಕರಿಗಾಗಿ ‘ಬೇಸಿಕ್ ಇಂಗ್ಲಿಷ್’ ಎಂಬ ಕಿರಿದಾದ ಇಂಗ್ಲಿಷನ್ನು ರೂಪಿಸಿದರು. ಅದರಲ್ಲಿದ್ದದ್ದು ಒಟ್ಟು 850 ಪದಗಳು, ಗುಣ ಹೇಳುವ ಪದಗಳು 150 ಮಾತ್ರ. ಇಂದಿನ ವಿದ್ಯಾರ್ಥಿಗೆ ಅಷ್ಟೇ ಸಾಕು ಎಂದು ನಾನು ಹೇಳುವುದಿಲ್ಲ. ಆದರೆ ಆ ನೂರೈವತ್ತರಲ್ಲಿ ಏನೇನಿದೆ ನೋಡಿ: ಫುಲ್, ಫ್ರೀ, ಲೇಟ್, ರೆಡಿ, ಟೈಟ್, ಲೂಸ್, ಸ್ಪೆಷಲ್, ನಾರ್ಮಲ್, ಸ್ಟ್ರಾಂಗ್, ಸೀರಿಯಸ್, ರೆಗ್ಯುಲರ್, ಪ್ರೈವೇಟ್. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಿರಿಯರೂ ದಿನಾ ಆಡುವ ಮಾತುಗಳಿವು. ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಹೀಗೆ ಕನ್ನಡಕ್ಕೆ ಬಂದ ಪದಗಳಲ್ಲಿ ಕೆಲವು ಮಾತ್ರ ಇಲ್ಲಿ ಬೇರೆ ಅರ್ಥ ಹಿಡಿದಿವೆ. ‘ತಾತ ಸೀರಿಯಸ್ ಆಗಿದ್ದಾರೆ’ ಎಂದರೆ ನಮಗೆ ಆಸ್ಪತ್ರೆ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ‘ಹಿ ಈಸ್ ಸೀರಿಯಸ್’ ಎಂದರೆ ಅವರು ತಮಾಷೆ ಮಾಡುತ್ತಿಲ್ಲ ಎಂದೇ ಸಾಮಾನ್ಯ ಅರ್ಥ. ಕಾಯಿಲೆಗೆ ‘ಸೀರಿಯಸ್ಲಿ ಇಲ್’ ಎನ್ನಬೇಕು. ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನಲು ನಾವು ಬಳಸುವ ‘ಲೂಸ್’ ಅಂತೂ ಅಲ್ಲಿ ನಡೆಯುವುದೇ ಇಲ್ಲ.

ಈಗ ಮುಖ್ಯ ವಿಷಯ. ಗುಣವಾಚಕ ಎಂದೊಡನೆ ನಾವು ‘ಕೆಂಪು ಸೀರೆ’, ‘ದೊಡ್ಡ ಮನೆ’ ಎಂದು ನಾಮಪದದ ಹಿಂದೆಯೇ ಹುಡುಕುತ್ತೇವೆ. ಆದರೆ ಮಾತುಕತೆಯಲ್ಲಿ ನಿಮಗೆ ಅದು ಅತಿ ಹೆಚ್ಚು ಬೇಕಾಗುವ ಜಾಗ ಬೇರೆ. ಕನ್ನಡದಲ್ಲಿ ಹಸಿವು, ಭಯ, ಸುಸ್ತು, ನಾಚಿಕೆ ಎಲ್ಲವೂ ನಮ್ಮ ಬಳಿಗೆ ಬರುತ್ತವೆ: ನನಗೆ ಹಸಿವಾಗಿದೆ, ನನಗೆ ಭಯವಾಗುತ್ತಿದೆ, ನನಗೆ ನಿದ್ದೆ ಬರುತ್ತಿದೆ. ಎಲ್ಲ ಕಡೆಯೂ ‘ಗೆ’ ಪ್ರತ್ಯಯ, ಜೊತೆಗೊಂದು ನಾಮಪದ. ಇಂಗ್ಲಿಷಿನಲ್ಲಿ ಇವೆಲ್ಲ ‘ಐ ಆಮ್’ ಆದಮೇಲೆ ಬರುವ ಗುಣವಾಚಕಗಳಾಗುತ್ತವೆ: ಹಂಗ್ರಿ, ಅಫ್ರೇಡ್, ಸ್ಲೀಪಿ. ಹಾಗಾಗಿ ನಿಮಗೆ ಉಪಯುಕ್ತವಾದ ಪಟ್ಟಿಯನ್ನು ನೀವೇ ತಯಾರಿಸಬಹುದು. ಒಂದು ವಾರ, ‘ನನಗೆ’ ಎಂದು ಶುರುವಾಗುವ ನಿಮ್ಮ ಕನ್ನಡ ವಾಕ್ಯಗಳನ್ನು ಪುಸ್ತಕದಲ್ಲಿ ಬರೆದಿಡಿ. ನನಗೆ ಮುಜುಗರವಾಯಿತು, ನನಗೆ ನಿರಾಸೆಯಾಯಿತು, ನನಗೆ ಹೆಮ್ಮೆಯಿದೆ, ನನಗೆ ಹೊಟ್ಟೆಕಿಚ್ಚು, ನನಗೆ ಗೊಂದಲವಾಗಿದೆ, ಸದ್ಯ ಸಮಾಧಾನವಾಯಿತು. ಆಮೇಲೆ ಎದುರಿಗೆ ಇಂಗ್ಲಿಷ್ ತುಂಬಿಸಿ: ಎಂಬ್ಯಾರಸ್ಡ್, ಡಿಸಪಾಯಿಂಟೆಡ್, ಪ್ರೌಡ್, ಜೆಲಸ್, ಕನ್‌ಫ್ಯೂಸ್ಡ್, ರಿಲೀವ್ಡ್. ಇವು ನಿಮ್ಮ ಬದುಕಿನಿಂದ ಬಂದ ಪದಗಳು, ಬೇಕೆಂದಾಗ ನೆನಪಾಗುವುದು ಇವೇ. ಎಲ್ಲ ‘ನನಗೆ’ಯೂ ಗುಣವಾಚಕವಾಗುವುದಿಲ್ಲ ಎಂಬುದು ಗಮನದಲ್ಲಿರಲಿ. ಜ್ವರ, ನೆಗಡಿಗಳಿಗೆ ‘ಐ ಹ್ಯಾವ್’ ಬೇಕು. ಇಷ್ಟ, ನೆನಪು, ಅರ್ಥವಾಗುವುದು ಇವು ಅಲ್ಲಿ ಕ್ರಿಯಾಪದಗಳು.

ಇದೇ ‘ನನಗೆ’ ಇನ್ನೊಂದು ತೊಡಕನ್ನೂ ಬಿಡಿಸುತ್ತದೆ. ಬೋರ್ಡ್ ಮತ್ತು ಬೋರಿಂಗ್, ಟೈರ್ಡ್ ಮತ್ತು ಟೈರಿಂಗ್ ಇವುಗಳಲ್ಲಿ ಯಾವುದು ಎಲ್ಲಿ ಎಂದು ನನ್ನ ವಿದ್ಯಾರ್ಥಿಗಳು ತಡವರಿಸುತ್ತಾರೆ. ಕನ್ನಡದಲ್ಲಿ ಕೇಳಿಕೊಳ್ಳಿ: ನನಗೆ ಬೇಸರವಾಗಿದೆಯೋ, ಇದು ಬೇಸರ ತರಿಸುವಂಥದ್ದೋ? ‘ನನಗೆ’ ಹೊಂದಿದರೆ ಬೋರ್ಡ್, ‘ತರಿಸುವ’ ಹೊಂದಿದರೆ ಬೋರಿಂಗ್. ನನಗೆ ಆಶ್ಚರ್ಯವಾಯಿತು: ಸರ್‌ಪ್ರೈಸ್ಡ್. ಆಶ್ಚರ್ಯ ತರಿಸುವ ಸುದ್ದಿ: ಸರ್‌ಪ್ರೈಸಿಂಗ್. ‘ಐ ಆಮ್ ಬೋರಿಂಗ್’ ಎಂದರೆ ನನ್ನಿಂದ ಬೇರೆಯವರಿಗೆ ಬೇಸರ ಎಂದಾಗುತ್ತದೆ.

ಪಟ್ಟಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಅದು ಪದಗಳನ್ನು ಒಂಟಿಯಾಗಿ ಕಲಿಸುತ್ತದೆ ಎಂಬುದು. ‘ಗಟ್ಟಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು? ಯಾವುದು ಗಟ್ಟಿ ಎಂದು ಕೇಳದೆ ಉತ್ತರಿಸಲಾಗದು. ಗಟ್ಟಿ ಮೊಸರು ಥಿಕ್, ಗಟ್ಟಿ ಕಲ್ಲು ಹಾರ್ಡ್, ಗಟ್ಟಿ ಹಗ್ಗ ಸ್ಟ್ರಾಂಗ್, ಗಟ್ಟಿ ದನಿ ಲೌಡ್. ಜೋರು ಮಳೆ ಹೆವಿ, ಜೋರು ಗಾಳಿ ಸ್ಟ್ರಾಂಗ್, ಜೋರು ಜ್ವರ ಹೈ. ಮಳೆಗೆ ಹೆವಿ ಏಕೆ, ಗಾಳಿಗೆ ಏಕಲ್ಲ ಎಂದು ಕಾರಣ ಹುಡುಕುತ್ತ ಕೂರಬೇಡಿ, ಅದು ಬಳಕೆ. ಆದ್ದರಿಂದ ‘ಹೆವಿ ಎಂದರೆ ಭಾರ’ ಎಂದು ಬರೆಯುವ ಬದಲು ‘ಹೆವಿ ರೈನ್, ಹೆವಿ ಟ್ರಾಫಿಕ್, ಹೆವಿ ಬ್ಯಾಗ್’ ಎಂದೇ ಬರೆದುಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಸಂಸ್ಥೆಗಳು ಕಲಿಯುವವರಿಗಾಗಿಯೇ ಮಾಡಿರುವ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅರ್ಥಕ್ಕಿಂತ ಮೊದಲು ಅಲ್ಲಿನ ಉದಾಹರಣೆ ವಾಕ್ಯಗಳನ್ನು ಓದಿ. ‘ಆಕ್ಸ್‌ಫರ್ಡ್ 3000’ ಎಂಬ ಪದಪಟ್ಟಿಯಲ್ಲಿ ಪ್ರತಿ ಪದಕ್ಕೂ ಎ1ರಿಂದ (ತೀರಾ ಆರಂಭದ ಹಂತ) ಬಿ2ವರೆಗಿನ ಕಲಿಕೆಯ ಮಟ್ಟ ನಮೂದಾಗಿದೆ. ಎ1, ಎ2 ಮಟ್ಟದ ಗುಣವಾಚಕಗಳನ್ನು ಮುಗಿಸದೆ ಮುಂದಕ್ಕೆ ಹೋಗಬೇಡಿ.

ಗುಣವಾಚಕದ ಬೆನ್ನಿಗೆ ಬರುವ ಪ್ರಿಪೊಸಿಷನ್ನನ್ನೂ ಅಂಟಿಸಿಯೇ ಕಲಿಯಿರಿ. ನಮ್ಮ ವಿಭಕ್ತಿ ಪ್ರತ್ಯಯಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಗಣಿತ‘ದಲ್ಲಿ’ ಚುರುಕು ಎನ್ನುವುದರಿಂದ ‘ಗುಡ್ ಇನ್’ ಎಂಬುದು ಬಾಯಿಗೆ ಬರುತ್ತದೆ, ಬೇಕಾದದ್ದು ‘ಗುಡ್ ಅಟ್’. ವೈದ್ಯರ ‘ಜೊತೆ’ ಮದುವೆಯಾಗಿದೆ ಎನ್ನುತ್ತೇವೆ, ಅಲ್ಲಿ ‘ಮ್ಯಾರೀಡ್ ಟು’.

ಹೋಲಿಕೆಗೆ ನಮಗೆ ‘ಗಿಂತ’ ಒಂದೇ ಸಾಕು, ಪದ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಹಲವು ಕಡೆ ಟಾಲರ್, ಬೆಟರ್ ಎಂದು ಪದವೇ ಬದಲಾಗುತ್ತದೆ. ಬದಲಾದ ಪದಕ್ಕೆ ಮತ್ತೆ ‘ಮೋರ್’ ಸೇರಿಸದಿದ್ದರೆ ಸಾಕು. ಬಣ್ಣ ಮೊದಲೋ ಗಾತ್ರ ಮೊದಲೋ ಎಂಬ ಅನುಕ್ರಮದ ನಿಯಮಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮಾತಿನಲ್ಲಿ ಮೂರು ಗುಣವಾಚಕಗಳನ್ನು ಸಾಲಾಗಿ ಇಡುವ ಸಂದರ್ಭವೇ ಅಪರೂಪ.

ಸಂದರ್ಶನಕ್ಕೆ ‘ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಡೆಡಿಕೇಟೆಡ್’ ಎಂಬ ಸಾಲು ಬೇಡ. ಎಲ್ಲರೂ ಅದನ್ನೇ ಹೇಳುವುದರಿಂದ ಕೇಳುವವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಬದಲಿಗೆ ನಾಲ್ಕನ್ನು ಸಿದ್ಧಮಾಡಿಕೊಳ್ಳಿ: ‘ಗುಡ್ ಅಟ್’, ‘ಫೆಮಿಲಿಯರ್ ವಿತ್’, ‘ರೆಸ್ಪಾನ್ಸಿಬಲ್ ಫಾರ್’, ‘ಇಂಟರೆಸ್ಟೆಡ್ ಇನ್’. ಪ್ರತಿಯೊಂದರ ಮುಂದೆಯೂ ನಿಮ್ಮದೇ ಆದ ಒಂದು ನಿಜ ಸಂಗತಿ ಬರಲಿ. ಕಾಲೇಜಿನ ವಾರ್ಷಿಕೋತ್ಸವದ ಲೆಕ್ಕ ನೋಡಿಕೊಂಡಿದ್ದರೆ ‘ಐ ವಾಸ್ ರೆಸ್ಪಾನ್ಸಿಬಲ್ ಫಾರ್ ದಿ ಅಕೌಂಟ್ಸ್’ ಎನ್ನಿ. ಎಷ್ಟು ಹಣ, ಯಾರಿಗೆ ಲೆಕ್ಕ ಒಪ್ಪಿಸಿದಿರಿ ಎಂಬ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ಎರಡು ವಾಕ್ಯಗಳನ್ನು ಬರೆದಿಟ್ಟುಕೊಳ್ಳಿ.