ಓದುಗರ ಪ್ರಶ್ನೆ: ಸಣ್ಣ ತೊರೆಯ ಬ್ರೌನ್ ಟ್ರೌಟ್

ಪ್ರಶ್ನೆ: ಹರಿಹರದಲ್ಲಿ ಹುಟ್ಟಿ ಬೆಳೆದ ನನಗೆ ತುಂಗಭದ್ರೆಯ ದಂಡೆಯಲ್ಲಿ ಗಾಳ ಹಾಕುವುದು ಚಿಕ್ಕಂದಿನ ರೂಢಿ. ಮಗನ ಮನೆಗೆಂದು ಸ್ಕಾಟ್ಲೆಂಡಿಗೆ ಹೋಗಿದ್ದಾಗ, ಅಲ್ಲಿನ ಕಿರಿದಾದ ತೊರೆಯೊಂದರಲ್ಲಿ ಅನುಮತಿ ಪಡೆದು, ಎರೆಹುಳು ಸಿಕ್ಕಿಸಿ ಬೆಂಡು ಬಿಟ್ಟು, ಬ್ರೌನ್ ಟ್ರೌಟ್ ಮೀನಿಗಾಗಿ ಬೆಳಗಿನಿಂದ ಕಾದೆ. ಒಂದೂ ಕಚ್ಚಲಿಲ್ಲ. ಆ ಊರಿನ ಹುಡುಗನೊಬ್ಬ ಮಾತ್ರ ಅದೇ ತೊರೆಯಲ್ಲಿ ಒಂದರ ಹಿಂದೊಂದು ಹಿಡಿಯುತ್ತಿದ್ದ. ಮುಂದಿನ ವರ್ಷ ಮತ್ತೆ ಹೋಗಲಿರುವೆ, ಏನನ್ನು ಬದಲಿಸಿಕೊಳ್ಳಬೇಕು?
– ಓದುಗರೊಬ್ಬರು, ಹರಿಹರ

ಉತ್ತರ: ತಾವು ಬದಲಿಸಬೇಕಾದದ್ದು ಎರೆಹುಳುವಿಗಿಂತ ಮೊದಲು ಕೂರುವ ಅಭ್ಯಾಸವನ್ನು. ನಮ್ಮ ಹೊಳೆಯ ನೀರು ವರ್ಷದ ಬಹುಭಾಗ ಕದಡಿರುತ್ತದೆ. ಗೆಂಡೆಯಂಥ ಮೀನುಗಳು ಮೀಸೆಯಿಂದ ತಡವಿ, ವಾಸನೆ ಹಿಡಿದು, ಮೇವು ಹುಡುಕುತ್ತ ಅಲೆಯುತ್ತವೆ. ಆದ್ದರಿಂದ ಒಳ್ಳೆಯ ಮಡು ನೋಡಿ, ಹಿಟ್ಟಿನ ಉಂಡೆ ಎಸೆದು, ತಾಳ್ಮೆಯಿಂದ ಕುಳಿತವರಿಗೆ ಇಲ್ಲಿ ಫಲವಿದೆ. ತಿಳಿನೀರಿನ ಸಣ್ಣ ತೊರೆಯ ಟ್ರೌಟ್ ಹಾಗಲ್ಲ. ಅದು ಕಲ್ಲಿನ ಮರೆಯಲ್ಲೋ, ದಡದ ಬೇರಿನ ಅಡಿಯಲ್ಲೋ ಒಂದು ಜಾಗ ಹಿಡಿದು, ಹರಿವಿಗೆ ಎದುರಾಗಿ ಮುಖ ಮಾಡಿ ನಿಂತು, ನೀರು ತಂದುಕೊಡುವ ಹುಳುಹುಪ್ಪಟೆಯನ್ನು ಕಣ್ಣಿನಿಂದ ನೋಡಿಯೇ ಹಿಡಿಯುತ್ತದೆ. ಕಡಿಮೆ ಶ್ರಮಕ್ಕೆ ಹೆಚ್ಚು ಆಹಾರ ಸಿಗುವ ಜಾಗ ಬಲಿಷ್ಠ ಮೀನಿನ ಪಾಲು. ಉಳಿದವು ಅದಕ್ಕಿಂತ ಕೀಳಾದ ಜಾಗಗಳಲ್ಲಿ ಹಂಚಿಕೊಂಡಿರುತ್ತವೆ. ತಮ್ಮ ಎದುರಿನ ಮಡುವಿನಲ್ಲಿದ್ದ ಮೀನು ತಮ್ಮನ್ನು ಕಂಡು ಬಂಡೆಯಡಿಗೆ ಸರಿದ ಮೇಲೆ, ಸಂಜೆಯವರೆಗೆ ಕುಳಿತರೂ ಅಲ್ಲಿಗೆ ಮತ್ತೊಂದು ಬರುವ ಸಂಭವ ಕಡಿಮೆ. ಆ ಹುಡುಗ ನಡೆಯುತ್ತಿದ್ದಿರಬೇಕು, ಅದೂ ಹರಿವಿಗೆದುರಾಗಿ ಮೇಲ್ಮುಖವಾಗಿ, ಒಂದು ಮಡುವಿನಲ್ಲಿ ನಾಲ್ಕಾರು ಬಾರಿ ಎಸೆದು ಮುಂದಿನದಕ್ಕೆ ಹೋಗುತ್ತ.

ಮೇಲ್ಮುಖವಾಗಿ ಏಕೆಂದರೆ, ಹರಿವಿಗೆದುರಾಗಿ ನಿಂತ ಮೀನಿನ ಬೆನ್ನಹಿಂದೆ ಮಾತ್ರ ಅದಕ್ಕೆ ಕಾಣದ ಕಿರಿದಾದ ಪಟ್ಟಿಯೊಂದು ಇರುತ್ತದೆ. ನೀರಿನ ಮೇಲಿನ ಲೋಕವೆಲ್ಲ ಮೀನಿಗೆ ಸುಮಾರು 97 ಡಿಗ್ರಿ ಅಗಲದ ದುಂಡು ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ ಹೀಗಾಗುತ್ತದೆ. ನೀರಿನ ಮಟ್ಟದಿಂದ ಮೇಲಕ್ಕೆ ಹತ್ತು ಡಿಗ್ರಿಯೊಳಗಿರುವ ವಸ್ತುಗಳು ಆ ಕಿಟಕಿಯ ಅಂಚಿನಲ್ಲಿ ಮುದುಡಿ ಮಸುಕಾಗುತ್ತವೆ. ಲೆಕ್ಕ ಹಾಕಿ ನೋಡಿ: ಆರು ಮೀಟರ್ ದೂರದಲ್ಲಿ ನೆಟ್ಟಗೆ ನಿಂತ ಸಾಧಾರಣ ಎತ್ತರದ ವ್ಯಕ್ತಿಯ ತಲೆ ಸುಮಾರು 16 ಡಿಗ್ರಿಯಲ್ಲಿರುತ್ತದೆ, ಅಲ್ಲೇ ಮಂಡಿಯೂರಿ ತಲೆಯನ್ನು ಒಂದು ಮೀಟರಿನಷ್ಟಕ್ಕೆ ಇಳಿಸಿದರೆ ಹತ್ತರೊಳಗೆ ಬರುತ್ತದೆ. ಈ ವಯಸ್ಸಿನಲ್ಲಿ ಮಂಡಿ ಒಪ್ಪದಿದ್ದರೆ, ಪೊದೆಯೊಂದನ್ನು ಬೆನ್ನಿಗಿಟ್ಟುಕೊಂಡು ನಿಂತರೂ ಆದೀತು. ಬಿಳಿ ಅಂಗಿ ಬೇಡ. ನೆರಳು ನೀರಿನ ಮೇಲೆ ಬೀಳಬಾರದು. ದಡದ ಮೇಲೆ ಭಾರವಾಗಿ ಕಾಲಿಟ್ಟರೆ ಅದರ ಅದುರು ನೀರಿಗೆ ಇಳಿಯುತ್ತದೆ. ಮೀನು ಅದನ್ನು ಮೈಯ ಪಕ್ಕದ ಗೆರೆಯಿಂದಲೇ ಗ್ರಹಿಸುತ್ತದೆ. ಮಾತಿನ ಸದ್ದಿಗಿಂತ ಹೆಜ್ಜೆಯ ಸದ್ದು ಅಲ್ಲಿ ಹೆಚ್ಚು ಕೆಡುಕು.

ಇನ್ನು ಗಾಳದ ವಿಷಯ. ಅಲ್ಲಿನ ಹಲವು ನೀರುಗಳಲ್ಲಿ ಫ್ಲೈ, ಅಂದರೆ ಕೊಕ್ಕೆಗೆ ಗರಿ ಮತ್ತು ನೂಲು ಸುತ್ತಿ ಮಾಡಿದ ಕೃತಕ ಹುಳು, ಅದಕ್ಕೆ ಮಾತ್ರ ಅವಕಾಶವಿರುವುದರಿಂದ ಅನುಮತಿ ಪಡೆಯುವಾಗಲೇ ವಿಚಾರಿಸಿಕೊಳ್ಳುವುದು ಲೇಸು. ಸಣ್ಣ ತೊರೆಗೆ ಏಳು ಅಡಿಯ ಹಗುರ ಕೋಲು ಸಾಕು. ತೇಲುವ ಫ್ಲೈ ನೀರಿನೊಂದಿಗೆ ಅದೇ ವೇಗದಲ್ಲಿ ಸಾಗಬೇಕು. ನಡುವಿನ ಸೆಳವು ದಾರವನ್ನೆಳೆದು ಫ್ಲೈ ಅಡ್ಡಡ್ಡವಾಗಿ ಗೀರಿಕೊಂಡು ಹೋಯಿತೆಂದರೆ ಅನುಭವಸ್ಥ ಮೀನು ಅದನ್ನು ಮುಟ್ಟುವುದಿಲ್ಲ. ಕೋಲನ್ನು ಎತ್ತಿ ಹಿಡಿದು, ಆದಷ್ಟು ದಾರ ನೀರಿಗೆ ತಾಗದಂತೆ ನೋಡಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಯಾವ ಫ್ಲೈ ಎಂಬ ಬಗ್ಗೆ ಅಂಗಡಿಯವರು ಗಂಟೆಗಟ್ಟಲೆ ಹೇಳಬಲ್ಲರು. ಸಣ್ಣ ತೊರೆಯಲ್ಲಿ ಆಹಾರ ಕಡಿಮೆಯಾದ್ದರಿಂದ ಮೀನು ಅಷ್ಟೊಂದು ಆರಿಸುತ್ತ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಕಾರಣಕ್ಕೆ ಗೇಣುದ್ದದ ಮೀನೂ ಅಲ್ಲಿ ಪೂರ್ತಿ ಬೆಳೆದದ್ದಾಗಿರಬಹುದು. ಹಿಡಿದದ್ದನ್ನು ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣಗೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಸ್ಕಾಟ್ಲೆಂಡಿನಲ್ಲಿ ಬ್ರೌನ್ ಟ್ರೌಟ್ ಹಿಡಿಯುವ ಕಾಲ ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ; ಪ್ರಯಾಣದ ಟಿಕೆಟ್ಟನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಕಾಶ್ಮೀರದಲ್ಲಿ ಟ್ರೌಟ್ ಸಾಕುತ್ತಾರೆಂದು ಕೇಳಿದ್ದೇನೆ. ಅದರ ಮರಿಗಳನ್ನು ತರಿಸಿ ನಮ್ಮೂರಿನ ಹಳ್ಳದಲ್ಲಿ ಅಥವಾ ತೋಟದ ಕೃಷಿ ಹೊಂಡದಲ್ಲಿ ಬಿಡಬಹುದೆ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಬಿಡಬೇಡಿ, ಬದುಕುವುದೂ ಇಲ್ಲ. ಬ್ರೌನ್ ಟ್ರೌಟ್ ಭಾರತದ ಮೂಲದ ಮೀನಲ್ಲ. ಹಿಂದಿನ ಪ್ರಶ್ನೆಯ ಸ್ಕಾಟ್ಲೆಂಡಿನಿಂದಲೇ 1900ರ ಹೊತ್ತಿಗೆ ಅದರ ಮೊಟ್ಟೆಗಳು ಕಾಶ್ಮೀರಕ್ಕೆ ಬಂದವು. ಅದಕ್ಕೂ ಮೊದಲು ಕಳುಹಿಸಿದವು ದಾರಿಯಲ್ಲೇ ಹಾಳಾಗಿದ್ದವು. ಬಳಿಕ ಅದು ಕುಲ್ಲು ಕಣಿವೆಯ ಹೊಳೆಗಳಲ್ಲೂ ನೆಲೆಗೊಂಡಿತು. ನೀಲಗಿರಿಯಲ್ಲಿ 1860ರ ದಶಕದಲ್ಲಿ ಮೀನುಗಳ ತಜ್ಞ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. ಅಲ್ಲಿ ಕೊನೆಗೆ ನಿಂತದ್ದು ತುಸು ಹೆಚ್ಚು ಬಿಸಿ ತಾಳುವ ರೈನ್‌ಬೋ ಟ್ರೌಟ್, ಅದೂ ಎರಡು ಸಾವಿರ ಮೀಟರ್ ಎತ್ತರದ ತಣ್ಣೀರಿನಲ್ಲಿ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ತುದಿಯೂ 1,300 ಮೀಟರಿನ ಆಸುಪಾಸಿನದು.

ನೀರಿನ ಉಷ್ಣತೆ 19–20 ಡಿಗ್ರಿ ದಾಟಿದರೆ ಬ್ರೌನ್ ಟ್ರೌಟ್ ಮೇವು ಬಿಡತೊಡಗುತ್ತದೆ. 25ರ ಸುತ್ತ ಕೆಲವು ದಿನ ನಿಂತರೆ ಸಾಯುತ್ತದೆ. ಚಿತ್ರದುರ್ಗದ ಏಪ್ರಿಲ್ ತಿಂಗಳಲ್ಲಿ ಕೃಷಿ ಹೊಂಡದ ನೀರು ಎಷ್ಟು ಕಾಯುತ್ತದೆಂದು ತಮಗೇ ಗೊತ್ತು. ಅದಲ್ಲದೆ 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ 11 ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೆ. ಹೀಗೆ ಮೀನಿಗೆ ಉಸಿರಿನ ಅಗತ್ಯ ಹೆಚ್ಚುವ ಹೊತ್ತಿಗೇ ನೀರು ಕೊಡುವುದು ಕಡಿಮೆಯಾಗುತ್ತದೆ. ಬದುಕಿದರೂ ಒಳಿತಲ್ಲ: ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ಹಾಳುಗೆಡವುವ ನೂರು ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಮೀನಿದೆ; ನ್ಯೂಜಿಲೆಂಡಿನ ತೊರೆಗಳಲ್ಲಿ ಅಲ್ಲಿನ ಪುಟ್ಟ ಮೀನುಗಳನ್ನು ಅದು ಹಲವೆಡೆ ಇಲ್ಲವಾಗಿಸಿದೆ.

ಹೊಂಡಕ್ಕೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳೇ ಸರಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಟ್ರೌಟ್ ಹಿಡಿಯಲೇಬೇಕೆಂಬ ಆಸೆಯಿದ್ದರೆ ಹಿಮಾಚಲದ ತೀರ್ಥನ್ ಹೊಳೆಗೆ ಹೋಗಿ ಬನ್ನಿ. ಅಲ್ಲಿನ ಇಲಾಖೆಯ ಪರವಾನಗಿ ಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಮೊಟ್ಟೆಯಿಡುವ ಕಾಲವಾದ್ದರಿಂದ ಹಿಡಿಯಲು ಬಿಡುವುದಿಲ್ಲ.